ಗುಡ್ಡೆಯಿಂದ ಇಳಿಯುವ ಕರಿ ಪೈಪು: ಬಿಟ್ಟುಹೋದ ಬೆಸುಗೆಯ ಕಾರಣ ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಅನೇಕ ಅಡಿಕೆ ತೋಟಗಳಿಗೆ ನೀರು ಬರುವುದು ಗುಡ್ಡೆಯ ಸುರಂಗದಿಂದ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ತೆಗೆದ ಸುರಂಗದ ಬಾಯಿಂದ ತೋಟದ ಟಾಂಕಿಯವರೆಗೆ, ಪಂಪಿನ ಹಂಗಿಲ್ಲದೆ, ನೀರನ್ನು ಇಳಿಸಿ ತರುವುದು ಕರಿ ಪೈಪು, ಅಂದರೆ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಪೈಪು. ಈ ಪೈಪು ತಾನಾಗಿ ಒಡೆಯುವುದು ಅಪರೂಪ, ಬಿಡುವುದು ಜಾಯಿಂಟು. ಜಾಯಿಂಟು ಬಿಟ್ಟ ಕೂಡಲೇ ಎರಡೂ ತುದಿಗಳನ್ನು ಕೊಯ್ದು ಎಸೆದು, ತುದಿಗಳನ್ನು ಕರಗಿಸುವ ಪ್ಲೇಟನ್ನು ಇನ್ನಷ್ಟು ಕಾಯಿಸಿ, ಇನ್ನಷ್ಟು ಬಲವಾಗಿ ಒತ್ತಿ ಮತ್ತೆ ಕೂಡಿಸುವುದು ನಮ್ಮಲ್ಲಿ ನಡೆದುಬಂದ ಕ್ರಮ. ಹಾಗೆ ಮಾಡಿದಾಗ ಅದೇ ಜಾಗದಲ್ಲಿ ಮತ್ತೆ ಬಿಡುವ ಸಂಭವ ಹೆಚ್ಚು, ಏಕೆಂದರೆ ಕಾರಣವನ್ನು ಹೇಳಬಲ್ಲ ಏಕೈಕ ಸಾಕ್ಷಿಯನ್ನು, ಆ ಬಿಟ್ಟುಹೋದ ತುಂಡನ್ನು, ನಾವೇ ಕಣಿಗೆ ಎಸೆದಿರುತ್ತೇವೆ.

ಆದ್ದರಿಂದ ಮೊದಲನೆಯ ಕೆಲಸ ಇಷ್ಟೇ. ಮೇಲಿನ ವಾಲ್ವು ಮುಚ್ಚಿ ಪೈಪು ಬರಿದಾದ ಮೇಲೆ, ಜಾಯಿಂಟಿನ ಮೇಲುಭಾಗ ಯಾವುದು, ನೀರು ಹರಿಯುತ್ತಿದ್ದ ದಿಕ್ಕು ಯಾವುದು ಎಂದು ಸುಣ್ಣದ ಕಡ್ಡಿಯಿಂದ ಗುರುತು ಹಾಕಬೇಕು. ಆಮೇಲೆ ಜಾಯಿಂಟಿನ ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಗರಗಸದಿಂದ ಕೊಯ್ದು, ಆ ತುಂಡನ್ನು ತೊಳೆದು ಒಣಗಿಸಿ ಬೆಳಕಿನಲ್ಲಿಟ್ಟು ನೋಡಬೇಕು. ಗುರುತು ಹಾಕದೆ ಕೊಯ್ದರೆ ದೋಷ ಕೆಳಗಡೆ ಇತ್ತೋ ಮೇಲ್ಗಡೆ ಇತ್ತೋ ಎಂದು ಆಮೇಲೆ ತಿಳಿಯುವುದಿಲ್ಲ, ಮತ್ತು ಆ ಒಂದು ವಿಷಯದಿಂದಲೇ ಎಷ್ಟೋ ಬಾರಿ ಕಾರಣ ಹೊರಬೀಳುತ್ತದೆ.

ಬೆಸುಗೆಯ ಒಳಗೆ ನಡೆಯುವುದೇನು

ಪಾಲಿಎಥಿಲೀನ್‌ಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಪಿವಿಸಿ ಪೈಪಿಗೆ ನಾವು ಹಚ್ಚುವ ಸೊಲ್ಯೂಷನ್ ಆ ಪೈಪಿನ ಮೈಯನ್ನೇ ಕರಗಿಸಿ ಒಂದಾಗಿಸುತ್ತದೆ. ಕರಿ ಪೈಪಿನ ಮೇಲೆ ಅದೇ ಸೊಲ್ಯೂಷನ್ ಒಣಗಿ ಸಿಪ್ಪೆಯಂತೆ ಏಳುತ್ತದೆ. ಎಪಾಕ್ಸಿ ಮೇಣ ಮೆತ್ತುವುದು, ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತುವುದು ಎರಡು ದಿನ ನೀರು ತಡೆಯಲು ಸಾಕಾದೀತು, ದುರಸ್ತಿ ಎನಿಸಿಕೊಳ್ಳದು. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರಿಗೆ ಪಾಲಿಎಥಿಲೀನ್ ದೊರಕಿತು. 1953ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಕಡಿಮೆ ಒತ್ತಡದಲ್ಲಿ ಅದನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದ ಬಳಿಕ ಪೈಪಿಗೆ ಒದಗುವ ಗಟ್ಟಿ ಬಗೆಯ ಎಚ್‌ಡಿಪಿಇ ಬಂತು. ಅಂಟಿಗೆ ಒಗ್ಗದ ಈ ವಸ್ತುವನ್ನು ಕೂಡಿಸಲು ಉಳಿದದ್ದು ಕಾಯಿಸಿ ಬೆಸೆಯುವ ದಾರಿ. ಕಾದ ಪ್ಲೇಟಿಗೆ ಕೈಯಂದಾಜಿನಲ್ಲಿ ತುದಿ ಹಿಡಿಯುವುದರಿಂದ ಹಿಡಿದು ಲಿವರ್, ಹೈಡ್ರಾಲಿಕ್ ಸಿಲಿಂಡರ್, ಈಗ ಪ್ರತಿ ಜಾಯಿಂಟಿನ ಒತ್ತಡ ಮತ್ತು ಸಮಯವನ್ನು ತಾನೇ ದಾಖಲಿಸುವ ಯಂತ್ರದವರೆಗೆ ಈ ವಿದ್ಯೆ ಬೆಳೆದಿದ್ದರೂ, ಅದರ ಬೆಳವಣಿಗೆಯ ತಿರುಳು ಯಂತ್ರದಲ್ಲಿಲ್ಲ. ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬುದನ್ನು ಅಂದಾಜಿನಿಂದ ಬಿಡಿಸಿ ಅಂಕೆಗೆ ತಂದದ್ದೇ ಅದರ ತಿರುಳು. ಜರ್ಮನಿಯ ವೆಲ್ಡಿಂಗ್ ಸಂಘದ ಡಿವಿಎಸ್ 2207 ಎಂಬ ಮಾರ್ಗಸೂಚಿಯಲ್ಲಿ ಆ ಅಂಕೆಗಳಿವೆ. ನಮ್ಮ ದೇಶದಲ್ಲಿ ಪೈಪಿಗೆ ಐಎಸ್ 4984, ಅದನ್ನು ಹಾಸಿ ಕೂಡಿಸುವುದಕ್ಕೆ ಐಎಸ್ 7634ರ ಎರಡನೆಯ ಭಾಗ ಇದೆ.

ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪ್ಲೇಟನ್ನು 200ರಿಂದ 220 ಡಿಗ್ರಿಯಲ್ಲಿಟ್ಟು ತುದಿಗಳನ್ನು ತಾಗಿಸಿದಾಗ ಒಂದೆರಡು ಮಿಲಿಮೀಟರ್ ಆಳದವರೆಗೆ ವಸ್ತು ಮೆತ್ತಗಾಗುತ್ತದೆ. ಕರಗಿದ ಎರಡು ಮುಖಗಳನ್ನು ಒಂದಕ್ಕೊಂದು ಸೇರಿಸಿದಾಗ, ಅವುಗಳ ಉದ್ದನೆಯ ಅಣುಸರಪಳಿಗಳು ಗಡಿ ದಾಟಿ ಪರಸ್ಪರ ಹೆಣೆದುಕೊಂಡು, ತಣಿಯುವಾಗ ಹಾಗೆಯೇ ಗಟ್ಟಿಯಾಗುತ್ತವೆ. ಹೆಣಿಗೆ ಸರಿಯಾಗಿ ಆಗಿದ್ದರೆ ಗಡಿಯೇ ಇರುವುದಿಲ್ಲ. ಬೆಸುಗೆಯ ಎಲ್ಲ ದೋಷಗಳೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಆ ಹೆಣಿಗೆಗೆ ಅಡ್ಡಿಯಾದದ್ದು ಯಾವುದು?

ಹೊರಗಿನ ಬಳೆ ಹೇಳುವುದೆಷ್ಟು

ಜಾಯಿಂಟಿನ ಸುತ್ತ ಉಬ್ಬಿ ಹೊರಳಿ ನಿಲ್ಲುವ ಅಂಚನ್ನು ವೆಲ್ಡಿಂಗ್ ಮಾಡುವವರು ಬೀಡ್ ಎನ್ನುತ್ತಾರೆ. ನೋಡಲು ಅದು ಜೋಡಿ ಬಳೆ, ಹಾಗಾಗಿ ಇಲ್ಲಿ ಬಳೆ ಎಂದೇ ಕರೆಯುತ್ತೇನೆ. ಬಳೆಗಳೆರಡೂ ಒಂದೇ ಗಾತ್ರದಲ್ಲಿ, ನುಣುಪಾಗಿ ಹೊರಳಿ ಪೈಪಿನ ಮೈಯನ್ನು ತಾಗಿರಬೇಕು; ಎರಡರ ನಡುವಿನ ತಗ್ಗು ಪೈಪಿನ ಮೈಮಟ್ಟಕ್ಕಿಂತ ಮೇಲೆಯೇ ಇರಬೇಕು. ಬಳೆ ಸಣ್ಣದಾಗಿ ಹೊರಳದೆ ನಿಂತಿದ್ದರೆ ಬಿಸಿ ಅಥವಾ ಒತ್ತಡ ಸಾಲದೆ ಹೋಗಿದೆ. ಎತ್ತರವಾಗಿ ನಿಂತು ನಡುವೆ ಆಳವಾದ ಸೀಳಿದ್ದರೆ ಒತ್ತಡ ಮಿತಿಮೀರಿದೆ, ಇಲ್ಲವೇ ಮುಖಗಳು ತಣಿದ ಮೇಲೆ ಒತ್ತಲಾಗಿದೆ. ಅಗಲವಾಗಿ ಹರಡಿದ್ದರೆ ಅತಿಯಾಗಿ ಕಾದಿದೆ. ಒಂದು ಬಳೆ ದಪ್ಪ, ಇನ್ನೊಂದು ಸಣ್ಣದಾಗಿದ್ದರೆ ಎರಡು ಪೈಪುಗಳ ವಸ್ತು ಬೇರೆ ಬೇರೆ ಇರಬಹುದು. ಹಳೆಯ ಲೈನಿಗೆ ಹೊಸ ಪೈಪು ಸೇರಿಸುವಾಗ ಇದು ಸಾಮಾನ್ಯ. ಬಳೆಯ ಮೈಯಲ್ಲಿ ಗುಳ್ಳೆಗಳಿದ್ದರೆ ತೇವಾಂಶವನ್ನೂ, ಮರುಬಳಕೆಯ ಪ್ಲಾಸ್ಟಿಕ್ ಬೆರೆಸಿದ ಪೈಪನ್ನೂ ಸಂದೇಹಿಸಬೇಕು.

ಆದರೆ ಬಳೆಯನ್ನು ನಂಬುವುದಕ್ಕೆ ಒಂದು ಮಿತಿ ಇದೆ. ಕೆಟ್ಟ ಬಳೆ ಕೆಟ್ಟ ಬೆಸುಗೆಯನ್ನು ತೋರಿಸುತ್ತದೆ. ಒಳ್ಳೆಯ ಬಳೆ ಒಳ್ಳೆಯ ಬೆಸುಗೆಗೆ ಪುರಾವೆಯಲ್ಲ. ಮುಖದ ಮೇಲೆ ಕೆಂಪು ಧೂಳು ಕೂತಿದ್ದರೂ ಬಳೆ ಅಂದವಾಗಿಯೇ ಬರಬಹುದು. ಇದನ್ನು ಹಿಡಿಯಲು, ಹರಿತವಾದ ಉಳಿಯಿಂದ ಬಳೆಯನ್ನು ಇಡಿಯಾಗಿ ಕೆತ್ತಿ ತೆಗೆದು, ಅದರ ಅಡಿಭಾಗ ಹೊರಮುಖವಾಗುವಂತೆ ಬೆರಳಿನಿಂದ ಅಲ್ಲಲ್ಲಿ ಬಾಗಿಸಿ ನೋಡಬೇಕು. ನಡುಗೆರೆಯಲ್ಲಿ ಕೂದಲೆಳೆಯಷ್ಟು ಸೀಳು ತೆರೆದುಕೊಂಡರೂ ಆ ಜಾಯಿಂಟಿನೊಳಗೆ ಮಣ್ಣೋ ಜಿಡ್ಡೋ ಇದೆ ಎಂದೇ ತಿಳಿಯಬೇಕು.

ಒಡೆದ ಮುಖವನ್ನು ಓದುವುದು

ನಿಜವಾದ ಉತ್ತರ ಇರುವುದು ಒಳಮುಖದಲ್ಲಿ. ಜಾಯಿಂಟು ಪೂರ್ತಿ ಬಿಟ್ಟಿದ್ದರೆ ಮುಖ ತಾನಾಗಿ ಕಾಣುತ್ತದೆ. ಬರೀ ಸೋರುತ್ತಿದ್ದರೆ, ಜಾಯಿಂಟು ನಡುವೆ ಬರುವಂತೆ ಪೈಪಿನ ಉದ್ದಕ್ಕೆ ಒಂದಂಗುಲ ಅಗಲದ ಪಟ್ಟಿಗಳನ್ನು ಸುತ್ತಲೂ ಕೊಯ್ದು, ಒಂದೊಂದನ್ನೇ ಎರಡು ತುದಿ ಸೇರುವಷ್ಟು ಬಾಗಿಸಬೇಕು. ಒಳ್ಳೆಯ ಬೆಸುಗೆ ಬಾಗುತ್ತದೆ, ಬಿಡುವುದಿಲ್ಲ. ಬಲವಂತದಿಂದ ಎಳೆದರೂ ಮೊದಲು ಬಿಳಿಚಿಕೊಂಡು, ಆಮೇಲೆ ನಾರುನಾರಾಗಿ ಹರಿಯುತ್ತದೆ. ಕೆಟ್ಟ ಬೆಸುಗೆ ಟಪ್ಪನೆ ಬಿಟ್ಟು ಚಪ್ಪಟೆ ಮುಖವನ್ನು ತೋರಿಸುತ್ತದೆ.

ಇಡೀ ಮುಖ ನುಣುಪಾಗಿ, ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ತಣ್ಣಗಿನ ಬೆಸುಗೆ. ಪ್ಲೇಟಿನ ಬಿಸಿ ಸಾಲದೆ ಹೋಗಿರಬೇಕು, ಇಲ್ಲವೇ ಪ್ಲೇಟು ತೆಗೆದು ತುದಿಗಳನ್ನು ಸೇರಿಸುವ ನಡುವೆ ತಡವಾಗಿರಬೇಕು. ಪೈಪಿನ ದಪ್ಪ 5ರಿಂದ 6 ಮಿಲಿಮೀಟರ್ ಇದ್ದರೆ ಆ ಕೆಲಸಕ್ಕೆ ಸಿಗುವ ಸಮಯ 5ರಿಂದ 6 ಸೆಕೆಂಡು ಮಾತ್ರ. ಪ್ಲೇಟನ್ನು ಇಡಲು ಜಾಗ ಹುಡುಕುವಷ್ಟರಲ್ಲಿ ಅದು ಮುಗಿದಿರುತ್ತದೆ. ನುಣುಪು ಅರ್ಧಚಂದ್ರದಂತೆ ಒಂದೇ ಪಕ್ಕದಲ್ಲಿದ್ದರೆ ತುದಿಗಳನ್ನು ಸಮವಾಗಿ ಹೆರೆದಿಲ್ಲ, ಅಥವಾ ಆ ಪಕ್ಕಕ್ಕೆ ಗಾಳಿ ಬೀಸಿದೆ. ಕಾಯಿಸುವ ಮೊದಲು ಎರಡು ತುದಿಗಳನ್ನು ಒತ್ತಿಟ್ಟಾಗ ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚಿನ ಸಂದು ಕಾಣಬಾರದು. ಸೂಜಿಮೊನೆಯಂಥ ಗುಳಿಗಳಿದ್ದರೆ ನೀರು, ಕೆಂಪು ಅಥವಾ ಬೂದು ಕಲೆಗಳಿದ್ದರೆ ಮಣ್ಣು. ಮುಖದಲ್ಲಿ ಒರಟು ನಾರಿದ್ದು, ಒಡಕು ಜಾಯಿಂಟಿನ ಗೆರೆಯನ್ನು ಬಿಟ್ಟು ಬಳೆಯ ಬುಡದ ಪಕ್ಕದಲ್ಲಿ ಹೋಗಿದ್ದರೆ, ಬೆಸುಗೆಯನ್ನು ದೂರುವಂತಿಲ್ಲ. ಪೈಪಿನ ಎಳೆತವನ್ನೋ, ಅಡಿಯಲ್ಲಿ ಒತ್ತುತ್ತಿರುವ ಕಲ್ಲನ್ನೋ, ಎರಡು ಪೈಪುಗಳು ಒಂದಕ್ಕೊಂದು ನೇರವಾಗಿ ಕೂರದಿದ್ದುದನ್ನೋ ಹುಡುಕಬೇಕು.

ನೇರವಾಗಿ ಕೂರುವ ಮಾತು ಬಂದಾಗ ತೆಳು ಪೈಪಿನ ಬಗ್ಗೆ ಹೇಳಲೇಬೇಕು. ಅಂಚುಗಳ ತಪ್ಪು ಪೈಪಿನ ದಪ್ಪದ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಎರಡೂವರೆ ಮಿಲಿಮೀಟರ್ ದಪ್ಪದ ಪೈಪಿನಲ್ಲಿ ಇದು ಕಾಲು ಮಿಲಿಮೀಟರ್ ಆಗುತ್ತದೆ. ಸುರುಳಿಯಿಂದ ಬಿಚ್ಚಿದ, ದುಂಡಗೆ ಉಳಿಯದ ಪೈಪಿನಲ್ಲಿ ಅದನ್ನು ಸಾಧಿಸುವುದು ಬಹಳ ಕಷ್ಟ. ಅಂಥ ಪೈಪಿಗೆ ಮುಖಾಮುಖಿ ಬೆಸುಗೆಗಿಂತ ತಿರುಗಿಸಿ ಬಿಗಿಯುವ ಕಪ್ಲಿಂಗೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರು ಬಾರಿ ಬಿಟ್ಟ ಒಂದು ಜಾಯಿಂಟು

ನಮ್ಮ ತೋಟದ ಲೈನಿನಲ್ಲಿ ನಡೆದದ್ದನ್ನು ವಿವರವಾಗಿಯೇ ಹೇಳುತ್ತೇನೆ. 63 ಮಿಲಿಮೀಟರ್ ಪೈಪು, ದಪ್ಪ 5.8 ಮಿಲಿಮೀಟರ್, ಸುರಂಗದ ಬಾಯಿಂದ ಟಾಂಕಿಗೆ ಎತ್ತರದಲ್ಲಿ 55 ಮೀಟರ್ ಇಳಿತ. ಹತ್ತು ಮೀಟರ್ ಇಳಿತಕ್ಕೆ ಸುಮಾರು ಒಂದು ಬಾರ್ ಎಂದು ಲೆಕ್ಕ ಹಾಕಿದರೆ, ಕೆಳಗಿನ ವಾಲ್ವು ಮುಚ್ಚಿದಾಗ ಅಲ್ಲಿ ಐದೂವರೆ ಬಾರ್ ಒತ್ತಡ. ಪೈಪಿನ ಒಳಗಿನ ಅಡ್ಡಕೊಯ್ತದ ವಿಸ್ತಾರಕ್ಕೆ ಇದನ್ನು ಗುಣಿಸಿದರೆ ಮುಚ್ಚಿದ ತುದಿಯನ್ನು ತಳ್ಳುವ ಬಲ ಸುಮಾರು 115 ಕಿಲೋ ತೂಕದಷ್ಟಾಗುತ್ತದೆ. ವಾಲ್ವಿನಿಂದ ಸ್ವಲ್ಪ ಮೇಲಿನ ಒಂದು ಜಾಯಿಂಟು ರಾತ್ರಿಯಲ್ಲೇ ಬಿಡುತ್ತಿತ್ತು. ಮೊದಲ ಸಲ ಬಿಟ್ಟಾಗ ಬಿಸಿ ಸಾಲಲಿಲ್ಲ ಎಂದುಕೊಂಡೆವು. ಎರಡನೆಯ ಸಲ ಪ್ಲೇಟನ್ನು ಹೆಚ್ಚು ಕಾಯಿಸಿದ್ದಲ್ಲದೆ, ಲಿವರಿನ ಮೇಲೆ ಇಬ್ಬರು ಭಾರ ಹಾಕಿದೆವು. "ಇನ್ನೂ ಒತ್ತಿ ಅಣ್ಣ, ಒತ್ತಿದಷ್ಟು ಗಟ್ಟಿ" ಎಂದು ಕೆಲಸಕ್ಕೆ ಬಂದವರು ಹೇಳಿದಾಗ ನನಗೂ ಅದು ಸರಿ ಎನಿಸಿತ್ತು. ಬಳೆ ಹೆಬ್ಬೆರಳಿನ ಗಾತ್ರಕ್ಕೆ ಬಂತು. ಮೂರನೆಯ ಸಲ ಬಿಟ್ಟಾಗ ಮಾತ್ರ ತುಂಡನ್ನು ಮನೆಗೆ ತಂದು ಜಗಲಿಯಲ್ಲಿ ಕೂತು ಪಟ್ಟಿ ಕೊಯ್ದೆ.

ಮುಖದ ನಡುಭಾಗದಲ್ಲಿ ಸುತ್ತಲೂ ಒಂದು ನುಣುಪಾದ ಉಂಗುರವಿತ್ತು, ಉಗುರಿನಿಂದ ಗೀರಿದರೂ ಏನೂ ತಾಗದಷ್ಟು ನಯ. ಅದರ ಒಳಗೂ ಹೊರಗೂ, ಅಂಚಿನಲ್ಲಿ ಮಾತ್ರ, ಸ್ವಲ್ಪ ನಾರು ಹರಿದ ಗುರುತಿತ್ತು. ಸುಣ್ಣದ ಗುರುತಿನ ಪ್ರಕಾರ ಅಡಿಭಾಗಕ್ಕೆ ಬರುವ ಕಡೆ ಎರಡು ಬೆರಳಗಲದಲ್ಲಿ ಸಣ್ಣ ಗುಳಿಗಳು, ಮೊಸರಿನ ಮೇಲೆ ಮಳೆಹನಿ ಬಿದ್ದಂತೆ. ಅಂದರೆ ಒಂದೇ ಮುಖದಲ್ಲಿ ಎರಡು ದೋಷಗಳು.

ನಡುವಿನ ನುಣುಪಿಗೆ ಕಾರಣ ಒತ್ತಡವೇ. ಕರಗಿದ ವಸ್ತು ಎರಡೂ ಮುಖಗಳ ನಡುವೆ ಉಳಿದರೆ ತಾನೇ ಹೆಣಿಗೆಯಾಗುವುದು. ನಾವು ಒತ್ತಿದ ರಭಸಕ್ಕೆ ಅದೆಲ್ಲ ಬಳೆಯಾಗಿ ಹೊರಗೆ ಬಂದು, ಅರೆಕಾದ ಮುಖಗಳು ಒಂದಕ್ಕೊಂದು ತಾಗಿ ಕೂತಿದ್ದವು. ಬೇಕಾದ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ 0.15 ನ್ಯೂಟನ್. ಈ ಪೈಪಿನ ಗೋಡೆಯ ಅಡ್ಡಕೊಯ್ತದ ವಿಸ್ತಾರ ಸುಮಾರು 1040 ಚದರ ಮಿಲಿಮೀಟರ್, ಹಾಗಾಗಿ ಬೇಕಾಗುವ ಬಲ 156 ನ್ಯೂಟನ್, ಅಂದರೆ 16 ಕಿಲೋ ತೂಕ. ಅರ್ಧ ಮೂಟೆ ಸಿಮೆಂಟಿಗಿಂತಲೂ ಕಡಿಮೆ! ನಾವು ಹಾಕಿದ್ದು ಲಿವರಿನ ಲಾಭವೂ ಸೇರಿ ಅದರ ಹಲವು ಪಟ್ಟು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು: ಕಾಯಿಸುವಷ್ಟು ಹೊತ್ತೂ ಪೈಪನ್ನು ಪ್ಲೇಟಿಗೆ ಒತ್ತಿ ಹಿಡಿದೇ ಇದ್ದೆವು. ಮೊದಲು ಒತ್ತಿ, ಸುತ್ತಲೂ ಒಂದು ಮಿಲಿಮೀಟರ್ ಬಳೆ ಮೂಡಿದ ಕೂಡಲೇ ಒತ್ತಡವನ್ನು ಬಿಟ್ಟು, ಬರೀ ತಾಗಿಕೊಂಡಿರುವಂತೆ ಇಟ್ಟು ಕಾಯಿಸಬೇಕು. ಆ ಸಮಯದ ಲೆಕ್ಕ ಸುಲಭ: ದಪ್ಪದ ಪ್ರತಿ ಮಿಲಿಮೀಟರಿಗೆ ಹತ್ತು ಸೆಕೆಂಡು, ನಮ್ಮ ಪೈಪಿಗೆ 58 ಸೆಕೆಂಡು.

ಅಡಿಯ ಗುಳಿಗಳಿಗೆ ಕಾರಣ ನೀರು. ಮೇಲಿನ ವಾಲ್ವು ಮುಚ್ಚಿದ್ದರೂ ಸುರಂಗದ ಕಡೆಯ ಪೈಪಿನೊಳಗೆ ಉಳಿದ ನೀರು ಹನಿಹನಿಯಾಗಿ ಇಳಿದು ಕಾದ ಮುಖವನ್ನು ತಲುಪಿ ಆವಿಯಾಗಿತ್ತು. ಈಗ ಎರಡೂ ತುದಿಗಳನ್ನು ಮರದ ಕುತ್ತಿಯ ಮೇಲೆ ಮೊಣಕಾಲೆತ್ತರಕ್ಕೆ ಏರಿಸಿ, ಹಗ್ಗ ಕಟ್ಟಿದ ಒಣ ಬಟ್ಟೆಯ ಉಂಡೆಯನ್ನು ಒಂದು ಮೊಳ ಒಳಕ್ಕೆ ತುರುಕಿ, ಕೆಲಸ ಮುಗಿದ ಮೇಲೆ ದೂರದ ತುದಿಯಿಂದ ಎಳೆದುಕೊಳ್ಳುತ್ತೇವೆ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಬಿಸಿಲಿಗೆ ಕಾದ ಕರಿ ಪೈಪು ಇಳಿಜಾರಿನಲ್ಲಿ ಎರಡೂ ಕಡೆ ತೆರೆದಿದ್ದರೆ ಹೊಗೆಗೂಡಿನಂತೆ ಗಾಳಿಯನ್ನು ಮೇಲಕ್ಕೆ ಸೆಳೆಯುತ್ತದೆ. ಆ ಗಾಳಿ ಕಾದ ಮುಖವನ್ನು ಒಳಗಿನಿಂದಲೇ ತಣಿಸುತ್ತದೆ. ಹೊರಗೆ ಕೊಡೆ ಹಿಡಿದು ಗಾಳಿ ತಡೆದವರಿಗೂ ಇದು ಹೊಳೆಯುವುದು ಕಡಿಮೆ.

ರಾತ್ರಿಯಲ್ಲೇ ಏಕೆ ಬಿಡುತ್ತಿತ್ತು ಎಂಬುದು ಉಳಿಯಿತು. ರಾತ್ರಿ ಟಾಂಕಿ ತುಂಬಿ ಹರಿಯದಿರಲೆಂದು ಕೆಳಗಿನ ವಾಲ್ವು ಮುಚ್ಚುತ್ತಿದ್ದೆವು, ಆಗ ಪೂರ್ತಿ ಒತ್ತಡ. ಜತೆಗೆ ಈ ಪೈಪು ಒಂದು ಡಿಗ್ರಿ ತಣಿದರೆ ಮೀಟರಿಗೆ ಸುಮಾರು 0.2 ಮಿಲಿಮೀಟರ್ ಕುಗ್ಗುತ್ತದೆ. ನೆಲದ ಮೇಲೆಯೇ ಹಾಸಿದ ನೂರು ಮೀಟರ್ ಪೈಪು ನಡುಹಗಲಿನ ಬಿಸಿಯಿಂದ 30 ಡಿಗ್ರಿ ತಣಿದರೆ, ಕಟ್ಟಿ ಹಾಕದೆ ಬಿಟ್ಟಾಗ, 60 ಸೆಂಟಿಮೀಟರ್ ಗಿಡ್ಡವಾಗಬೇಕು. ಎರಡೂ ತುದಿ ಕಟ್ಟಿ ಹಾಕಿದಾಗ ಅದು ಎಳೆತವಾಗಿ ದುರ್ಬಲ ಜಾಯಿಂಟಿನ ಮೇಲೆ ಬೀಳುತ್ತದೆ. ಬಿಸಿಲಲ್ಲಿ ಬಿಗಿಯಾಗಿ ಎಳೆದು ಕೂಡಿಸಬಾರದು, ಹಾವಿನಂತೆ ಅಲ್ಲಲ್ಲಿ ಬಳುಕು ಬಿಟ್ಟು ಹಾಸಬೇಕು.

ಪ್ಲೇಟು, ಕರೆಂಟು, ತಣಿಯುವ ಹೊತ್ತು

ಮುಖ ನುಣುಪಾಗಿದ್ದು ಒತ್ತಡವೂ ಸಮಯವೂ ಸರಿ ಇದ್ದಿದ್ದರೆ ಪ್ಲೇಟನ್ನು ಪರೀಕ್ಷಿಸಬೇಕು. ತಾಗಿಸಿ ಅಳೆಯುವ ಥರ್ಮಾಮೀಟರಿನಿಂದ ಎರಡೂ ಬದಿಯಲ್ಲಿ ನಾಲ್ಕೈದು ಕಡೆ ನೋಡಿ. ಡಯಲು ತೋರಿಸುವುದು ಒಂದೇ ಬಿಂದುವಿನ ಬಿಸಿಯನ್ನು. ತಾಗಿಸದೆ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನು ಹೊಳೆಯುವ ಬರಿ ಲೋಹದ ಮೇಲೆ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಮತ್ತೆ ಕಾಯಿಸಿದರೆ ಟೆಫ್ಲಾನ್ ಪದರವೇ ಹಾಳಾದೀತು. ಬೇಸಗೆಯ ಸಂಜೆ ವೋಲ್ಟೇಜು ಇಳಿದಾಗ ಇನ್ನೊಂದು ತೊಂದರೆ ಇದೆ: 230 ಇರಬೇಕಾದಲ್ಲಿ 180 ಬಂದರೆ ಹೀಟರಿನ ಶಕ್ತಿ ಸುಮಾರು 60 ಶೇಕಡಕ್ಕೆ ಇಳಿಯುತ್ತದೆ. ಮೊದಲ ಜಾಯಿಂಟು ಚೆನ್ನಾಗಿ ಬಂದು, ಎರಡನೆಯದೂ ಮೂರನೆಯದೂ ಕೆಡುತ್ತಿದ್ದರೆ ಪ್ಲೇಟು ಚೇತರಿಸಿಕೊಳ್ಳುವ ಮೊದಲೇ ಹಚ್ಚಿದ್ದೀರಿ ಎಂದರ್ಥ. ಸೌದೆ ಒಲೆಯ ಮೇಲೆ ಕಬ್ಬಿಣದ ಹಲಗೆ ಕಾಯಿಸಿ ಕೂಡಿಸುವ ಹಳೆಯ ಪದ್ಧತಿಯಲ್ಲಿ ಬಿಸಿಯನ್ನು ಹಿಡಿತದಲ್ಲಿಡುವ ಉಪಾಯವೇ ಇಲ್ಲ. ಒತ್ತಡದ ಲೈನಿಗೆ ಅದನ್ನು ಬಳಸಬಾರದು.

ಕೂಡಿಸಿದ ಮೇಲೆ ಆ 16 ಕಿಲೋ ಬಲವನ್ನು ಹಾಗೇ ಹಿಡಿದು ನಮ್ಮ ಪೈಪನ್ನು ಸುಮಾರು ಎಂಟು ನಿಮಿಷ ತಣಿಯಲು ಬಿಡಬೇಕು. ಅವಸರಕ್ಕೆ ಮೇಲೆ ನೀರು ಸುರಿದರೆ ಹೊರಮೈ ಮೊದಲು ಗಟ್ಟಿಯಾಗಿ, ಆಮೇಲೆ ಕುಗ್ಗುವ ಒಳಭಾಗದಲ್ಲಿ ಪೊಳ್ಳು ಉಳಿಯುತ್ತದೆ. ಲಿವರ್ ಯಂತ್ರದಲ್ಲಿ ಬಲವನ್ನು ತಿಳಿಯಲು ನಾವು ಸ್ಪ್ರಿಂಗ್ ತಕ್ಕಡಿಯನ್ನು ಬಳಸುತ್ತೇವೆ. ಹಿಡಿಕೆಗೆ ಕೊಕ್ಕೆ ಸಿಕ್ಕಿಸಿ, ಪೈಪು ಬರೀ ಸರಿಯಲು ತೊಡಗುವಾಗಿನ ಅಂಕೆಯನ್ನು ಬರೆದಿಟ್ಟುಕೊಂಡು, 16 ಕಿಲೋವನ್ನು ಲಿವರಿನ ಅನುಪಾತದಿಂದ ಭಾಗಿಸಿ ಅದಕ್ಕೆ ಕೂಡಿಸಬೇಕು. ಉದ್ದನೆಯ ಪೈಪನ್ನು ಎಳೆಯಲು ಬೇಕಾದ ಬಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಖಗಳಿಗೆ ಏನೂ ತಲುಪದೆ ಹೋಗಬಹುದು.

ಕರೆಂಟಿನ ಸುರುಳಿ ಒಳಗೇ ಇರುವ ಎಲೆಕ್ಟ್ರೋಫ್ಯೂಷನ್ ಕಪ್ಲಿಂಗ್ ಸೋರಿದರೆ, ಕೊಯ್ದು ನೋಡಿದಾಗ ಪೈಪು ಸಿಪ್ಪೆ ಸುಲಿದಂತೆ ಸ್ವಚ್ಛವಾಗಿ ಹೊರಬಂದರೆ ಒಂದೇ ಕಾರಣವನ್ನು ಮೊದಲು ನೋಡಿ: ಪೈಪಿನ ಹೊರಮೈಯ ಉತ್ಕರ್ಷಿತ ಪದರವನ್ನು 0.2 ಮಿಲಿಮೀಟರಿನಷ್ಟು ಹೆರೆದಿಲ್ಲ. ಉಪ್ಪುಕಾಗದದಿಂದ ಉಜ್ಜುವುದು ಹೆರೆದಂತಲ್ಲ.

ಹೊಸ ಜಾಯಿಂಟನ್ನು ಪರೀಕ್ಷಿಸುವಾಗ ಒಂದು ಸುಳ್ಳು ಸೂಚನೆಗೆ ಮೋಸಹೋಗಬಾರದು. ಲೈನು ತುಂಬಿಸಿ ಗಾಳಿಯನ್ನೆಲ್ಲ ಬಿಟ್ಟು ಒತ್ತಡ ಏರಿಸಿದ ಮೇಲೆ ಗೇಜಿನ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಎಚ್‌ಡಿಪಿಇ ಒತ್ತಡಕ್ಕೆ ನಿಧಾನವಾಗಿ ಹಿಗ್ಗುವುದರಿಂದ ಹೀಗಾಗುತ್ತದೆ, ಸೋರಿಕೆ ಇಲ್ಲದಿದ್ದರೂ. ಮತ್ತೆ ಅದೇ ಒತ್ತಡಕ್ಕೆ ಏರಿಸಿ ನೋಡಿದರೆ ಇಳಿಯುವ ವೇಗ ಪ್ರತಿ ಸಲವೂ ಕಡಿಮೆಯಾಗುತ್ತ ಹೋಗಬೇಕು. ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಮಾತ್ರ, ಮಣ್ಣು ಮುಚ್ಚುವ ಮೊದಲು, ಕೆಳಗಿನಿಂದ ಮೇಲಕ್ಕೆ ನಡೆದು ಪ್ರತಿ ಬಳೆಯ ಅಡಿಗೆ ಒಣ ಅಂಗೈ ಹಿಡಿದು ನೋಡುತ್ತ ಬರಬೇಕು.